ಖರ್ಚು ಇವರ ಖಾತೆಗೆ, ಲಾಭ ಅವರ ಖಾತೆಗೆ

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಲ ಶಿಕ್ಷಣ, ಆರೋಗ್ಯ ಮತ್ತು ಸಾರ್ವಜನಿಕ ಸುರಕ್ಷತೆಗೆ ಹಾಕುವ ಹಣದ ಲೆಕ್ಕ.

ಪ್ರಶ್ನೆ: ಶಾಲೆಗೆ, ಆಸ್ಪತ್ರೆಗೆ ಹಾಕುವ ಹಣವನ್ನು ಈಗ ಎಲ್ಲರೂ ‘ಮಾನವ ಬಂಡವಾಳದ ಹೂಡಿಕೆ’ ಅನ್ನುತ್ತಾರೆ. ಇದು ಖರ್ಚಿಗೆ ಇಟ್ಟ ಚೆಂದದ ಹೆಸರಷ್ಟೇ ಅಲ್ಲವೇ? ಮನುಷ್ಯರನ್ನು ಯಂತ್ರಗಳ ಸಾಲಿನಲ್ಲಿ ಕೂರಿಸುವುದು ಸರಿಯೇ?

ಈ ಮುಜುಗರ ಹಳೆಯದು. 1960ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರ ಸಂಘದಲ್ಲಿ ಥಿಯೊಡರ್ ಶುಲ್ಟ್ಜ್ ಅಧ್ಯಕ್ಷ ಭಾಷಣ ಮಾಡಿದ್ದು ಇದೇ ವಿಷಯದ ಮೇಲೆ. ಕೆಲವರಿಗೆ ಈ ಮಾತು ಕಸಿವಿಸಿ ಮಾಡುತ್ತದೆ ಎಂದು ಅವರೇ ಒಪ್ಪಿಕೊಂಡಿದ್ದರು. ಅದಕ್ಕೂ ಮೊದಲು, 1776ರಲ್ಲೇ, ಜನ ಕಲಿತುಕೊಂಡ ಕುಶಲತೆಯನ್ನು ದೇಶದ ಸ್ಥಿರ ಬಂಡವಾಳದ ಪಟ್ಟಿಗೆ ಸೇರಿಸಿದವರು ಆಡಂ ಸ್ಮಿತ್.

ಹೆಸರು ಬಿಡಿ, ಗುಣ ನೋಡಿ. ಇವತ್ತು ಹಣ ಹೋಗುತ್ತದೆ, ಫಲ ಮುಂದಿನ ಹಲವು ವರ್ಷ ಬರುತ್ತದೆ. ಬಳಸದೆ ಬಿಟ್ಟರೆ ಸವೆಯುತ್ತದೆ, ಆಗಾಗ ದುರಸ್ತಿ ಬೇಕು. ಇಷ್ಟಿದ್ದರೆ ಅದು ಹೂಡಿಕೆಯೇ. ಯಂತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಬೇರೆ ಕಡೆ ಇದೆ, ಮತ್ತು ಅರ್ಥಶಾಸ್ತ್ರದ ಜೀವಾಳವೂ ಅಲ್ಲೇ ಇದೆ: ಕಲಿತ ವಿದ್ಯೆಯನ್ನು ಕಲಿತವರಿಂದ ಬಿಡಿಸಿ ಅಡವಿಡಲು ಆಗುವುದಿಲ್ಲ. ಜಮೀನಿನ ಮೇಲೆ ಸಾಲ ಕೊಟ್ಟ ಬ್ಯಾಂಕಿಗೆ ಜಮೀನು ಸಿಗುತ್ತದೆ. ನರ್ಸಿಂಗ್ ಕಲಿಯಲು ಸಾಲ ಕೊಟ್ಟ ಬ್ಯಾಂಕು ನರ್ಸಿನ ಕೈಯನ್ನು ಜಪ್ತಿ ಮಾಡಲಾರದು. ಹಾಗಾಗಿ ಒಳ್ಳೆಯ ಪ್ರತಿಫಲ ಕೊಡುವ ಓದಿಗೂ ಸಾಲ ಹುಟ್ಟುವುದಿಲ್ಲ. ಮನೆಯಲ್ಲಿ ದುಡ್ಡಿದ್ದವರು ಓದುತ್ತಾರೆ, ಬುದ್ಧಿ ಮಾತ್ರ ಇದ್ದವರು ಉಳಿದುಬಿಡುತ್ತಾರೆ. ಸರ್ಕಾರ ನಡುವೆ ಬರಬೇಕು ಅನ್ನುವುದಕ್ಕೆ ದಯೆಗಿಂತ ಗಟ್ಟಿಯಾದ ಕಾರಣ ಇದು. ಆಸ್ಟ್ರೇಲಿಯಾ 1989ರಲ್ಲಿ ಕಂಡುಕೊಂಡ ದಾರಿಯನ್ನು ನೋಡಿ. ಅಲ್ಲಿ ಕಾಲೇಜು ಶುಲ್ಕದ ಸಾಲ ತೀರಿಸಲು ತಿಂಗಳ ಕಂತು ಇಲ್ಲ. ಆದಾಯ ಒಂದು ಮಟ್ಟ ದಾಟಿದ ಮೇಲೆ ತೆರಿಗೆಯ ಜತೆಗೇ ವಸೂಲಿ, ದಾಟದಿದ್ದರೆ ಇಲ್ಲ.

ಮಾಲೀಕರೇ ಕಲಿಸಬಾರದೇ ಎಂದು ಕೇಳಬಹುದು. ಗ್ಯಾರಿ ಬೆಕರ್ 1964ರಲ್ಲಿ ಕೊಟ್ಟ ಉತ್ತರ ಈಗಲೂ ಸರಿಯಾಗಿದೆ. ತನ್ನ ಕಾರ್ಖಾನೆಯ ಯಂತ್ರಕ್ಕೆ ಮಾತ್ರ ಒಪ್ಪುವ ಕೆಲಸವನ್ನು ಮಾಲೀಕ ತನ್ನ ದುಡ್ಡಿನಲ್ಲಿ ಕಲಿಸುತ್ತಾನೆ. ಎಲ್ಲಿ ಹೋದರೂ ನಡೆಯುವ ವಿದ್ಯೆಯನ್ನು ಕಲಿಸಲು ಹಿಂಜರಿಯುತ್ತಾನೆ, ಏಕೆಂದರೆ ಕಲಿತವನು ನಾಳೆ ಪಕ್ಕದ ಗೇಟಿಗೆ ಹೋದರೆ ಲಾಭ ಪಕ್ಕದವನಿಗೆ.

ಪ್ರಶ್ನೆ: ನಮ್ಮ ಸಂಸ್ಥೆ ಯುವಕರಿಗೆ 6 ತಿಂಗಳ ಕೌಶಲ ತರಬೇತಿ ಕೊಡುತ್ತದೆ. 100 ಮಂದಿ ಸೇರಿದರೆ 60 ಮಂದಿಗೆ ಕೆಲಸ ಸಿಗುತ್ತಿದೆ. ಯೋಜನೆ ಲಾಭದಾಯಕ ಎಂದು ವರದಿಯಲ್ಲಿ ಬರೆಯಬಹುದೇ? ಲೆಕ್ಕ ಹಾಕುವ ಕ್ರಮ ತಿಳಿಸಿ.

ಈಗಲೇ ಬರೆಯಬೇಡಿ. 60 ಎನ್ನುವ ಸಂಖ್ಯೆಯೊಂದರಿಂದ ಏನೂ ಗೊತ್ತಾಗುವುದಿಲ್ಲ. ನೀವು ಮೊದಲು ಕೇಳಬೇಕಾದದ್ದು, ತರಬೇತಿ ಇಲ್ಲದಿದ್ದರೆ ಇವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಗುತ್ತಿತ್ತು ಎಂದು. ಒಂದು ಉದಾಹರಣೆ ಕೈಯಲ್ಲಿ ಹಿಡಿದು ಹೋಗೋಣ. ಹಣ ಯಾವ ದೇಶದ್ದಾದರೂ ಆಗಲಿ, ಅಂಕಿಗಳು ಲೆಕ್ಕಕ್ಕೆಂದು ಇಟ್ಟುಕೊಂಡವು.

ಮೊದಲು ಖರ್ಚು. ಒಬ್ಬರಿಗೆ ಶಿಕ್ಷಕರು, ಸಾಮಗ್ರಿ, ಕಟ್ಟಡ ಎಲ್ಲ ಸೇರಿ 30,000. ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು, ಆದರೆ ಇದು ಅರ್ಧ ಖರ್ಚು ಮಾತ್ರ. ಆ 6 ತಿಂಗಳು ಇವರು ಬೇರೆ ಕಡೆ ಸರಾಸರಿ ತಿಂಗಳಿಗೆ 5,000 ದುಡಿಯುತ್ತಿದ್ದರು ಅನ್ನಿ. ಬಿಟ್ಟುಕೊಟ್ಟ ಆ 30,000 ಕೂಡ ಖರ್ಚೇ. ಅರ್ಥಶಾಸ್ತ್ರದಲ್ಲಿ ಇದನ್ನು ಅವಕಾಶ ವೆಚ್ಚ ಅನ್ನುತ್ತಾರೆ. ಒಟ್ಟು 60,000; 100 ಮಂದಿಗೆ 60 ಲಕ್ಷ. ನಡುವೆ ಬಿಟ್ಟುಹೋದವರ ಖರ್ಚನ್ನು ಕಳೆಯಬೇಡಿ, ಅವರಿಗೂ ಹಣ ಹೋಗಿದೆ.

ಇನ್ನು ಲಾಭ. ನಿಮ್ಮಲ್ಲಿ ಸೇರದ, ಆದರೆ ವಯಸ್ಸು, ಓದು, ಮನೆಯ ಸ್ಥಿತಿ ಎಲ್ಲ ಹೊಂದುವ ಇನ್ನೊಂದು 100 ಮಂದಿಯಲ್ಲಿ 45 ಮಂದಿಗೆ ಅಷ್ಟೇ ಕಾಲದಲ್ಲಿ ಕೆಲಸ ಸಿಕ್ಕಿದ್ದರೆ, ನಿಮ್ಮ ತರಬೇತಿಯ ಪಾಲು 15 ಮಾತ್ರ. ಕೆಲಸ ಸಿಕ್ಕವರ ಆದಾಯ ವರ್ಷಕ್ಕೆ 80,000 ಹೆಚ್ಚಿದರೆ, ವರ್ಷದ ಲಾಭ 15ರ ಲೆಕ್ಕದಲ್ಲಿ 12 ಲಕ್ಷ. 60ರ ಲೆಕ್ಕದಲ್ಲಿ 48 ಲಕ್ಷ ಎಂದು ಬರೆದ ವರದಿಗಳು ಬೇಕಾದಷ್ಟಿವೆ, ಅವು ನಂಬಿಕೆಗೆ ಅರ್ಹವಲ್ಲ.

ಮುಂದಿನ ವರ್ಷಗಳ ಲಾಭವನ್ನು ಇಂದಿನ ಮೌಲ್ಯಕ್ಕೆ ಇಳಿಸುವುದು ಕೊನೆಯ ಹೆಜ್ಜೆ. ಲಾಭ 10 ವರ್ಷ ಉಳಿಯುತ್ತದೆ, ಬಡ್ಡಿ ಶೇ 6 ಎಂದುಕೊಂಡರೆ ವರ್ಷದ ಲಾಭವನ್ನು 7.36ರಿಂದ ಗುಣಿಸಬೇಕು: 88.3 ಲಕ್ಷ. ಖರ್ಚು 60 ಲಕ್ಷ ಕಳೆದರೆ 28.3 ಲಕ್ಷ ನಿವ್ವಳ. ಅದೇ ಬಡ್ಡಿ ಶೇ 12 ಆದರೆ ಗುಣಕ 5.65, ನಿವ್ವಳ 7.8 ಲಕ್ಷಕ್ಕೆ ಇಳಿಯುತ್ತದೆ. ಕಲಿತ ವಿದ್ಯೆ 5 ವರ್ಷಕ್ಕೇ ಹಳತಾದರೆ? ಶೇ 6ರಲ್ಲೂ ಗುಣಕ 4.21 ಮಾತ್ರ, 9.5 ಲಕ್ಷ ನಷ್ಟ. ಈ ಯೋಜನೆ ಗೆಲ್ಲಬೇಕಾದರೆ ಲಾಭ 6 ವರ್ಷ ದಾಟಿ ಉಳಿಯಬೇಕು. ಹಾಗಾಗಿ 6 ತಿಂಗಳಿಗೆ ಫೋನ್ ಮಾಡಿ ‘ಕೆಲಸ ಇದೆಯಾ’ ಎಂದು ಕೇಳಿ ಕಡತ ಮುಚ್ಚುವುದರಿಂದ ಪ್ರಯೋಜನವಿಲ್ಲ. 2ನೇ ವರ್ಷ, 4ನೇ ವರ್ಷ ಕೂಡ ಕೇಳಬೇಕು, ಸೇರದವರನ್ನೂ ಕೇಳಬೇಕು.

ಎರಡು ಗುಂಡಿಗಳು ಈ ದಾರಿಯಲ್ಲಿ ಯಾವಾಗಲೂ ಇರುತ್ತವೆ. ತರಬೇತಿಗೆ ಜನ ಬರುವುದು ಸಾಮಾನ್ಯವಾಗಿ ಕೆಲಸ ಕಳೆದುಕೊಂಡ ಹೊತ್ತಿನಲ್ಲಿ. ಆ ತಿಂಗಳ ಆದಾಯವನ್ನು ‘ಮೊದಲು’ ಎಂದು, ವರ್ಷದ ನಂತರದ್ದನ್ನು ‘ಆಮೇಲೆ’ ಎಂದು ಬರೆದರೆ ತರಬೇತಿ ಕೊಡದಿದ್ದರೂ ಏರಿಕೆ ಕಾಣುತ್ತದೆ. ಆರ್ಲಿ ಆಶೆನ್‌ಫೆಲ್ಟರ್ 1978ರಲ್ಲಿ ತೋರಿಸಿದ ಈ ತಗ್ಗಿಗೆ ಅವರ ಹೆಸರೇ ನಿಂತಿದೆ. ಎರಡನೆಯದು, ನಿಮ್ಮ 15 ಮಂದಿಗೆ ಸಿಕ್ಕ ಕೆಲಸ ಇನ್ನೊಬ್ಬರ ಕೈಯಿಂದ ಬಂದದ್ದೂ ಆಗಿರಬಹುದು. ಫ್ರಾನ್ಸಿನ 235 ಉದ್ಯೋಗ ಕಚೇರಿ ವಲಯಗಳಲ್ಲಿ ನಡೆದ ದೊಡ್ಡ ಪ್ರಯೋಗವೊಂದು ಇದನ್ನೇ ಅಳೆಯಿತು: ಕೆಲಸ ಹುಡುಕಲು ನೆರವು ಪಡೆದ ಯುವಕರ ಗಳಿಕೆಯಲ್ಲಿ ಒಂದು ಪಾಲು, ನೆರವು ಸಿಗದ ಅಕ್ಕಪಕ್ಕದವರ ನಷ್ಟದಿಂದ ಬಂದಿತ್ತು. ಉದ್ಯೋಗ ಕಡಿಮೆ ಇರುವ ಕಾಲದಲ್ಲಿ ಇದು ಹೆಚ್ಚು.

ಪ್ರಶ್ನೆ: ಸೊಳ್ಳೆಪರದೆ, ಜಂತುಹುಳುವಿನ ಮಾತ್ರೆ ಮುಂತಾದವನ್ನು ಪುಕ್ಕಟೆ ಕೊಟ್ಟರೆ ಜನ ಬೆಲೆ ಕೊಡುವುದಿಲ್ಲ, ಸ್ವಲ್ಪವಾದರೂ ದುಡ್ಡು ಇಡಬೇಕು ಅನ್ನುತ್ತಾರೆ. ನಿಜವೇ?

ಕೇಳಲು ಸರಿ ಅನ್ನಿಸುವ ಮಾತು, ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಜೆಸ್ಸಿಕಾ ಕೋಹೆನ್ ಮತ್ತು ಪಾಸ್ಕಲೀನ್ ಡ್ಯುಪಾ ಕೀನ್ಯಾದಲ್ಲಿ ಗರ್ಭಿಣಿಯರಿಗೆ ಸೊಳ್ಳೆಪರದೆಯನ್ನು ಬೇರೆ ಬೇರೆ ಬೆಲೆಗೆ ಕೊಟ್ಟು ನೋಡಿದರು. ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಬೆಲೆ ಸೊನ್ನೆಯಿಂದ 60 ಸೆಂಟಿಗೆ ಏರಿದಾಗ ಪರದೆ ಒಯ್ದವರ ಪ್ರಮಾಣ 60 ಶೇಕಡಾಂಶ ಕುಸಿಯಿತು. ದುಡ್ಡು ಕೊಟ್ಟು ಒಯ್ದವರು ಪುಕ್ಕಟೆ ಒಯ್ದವರಿಗಿಂತ ಹೆಚ್ಚು ಬಳಸಿದರು ಅನ್ನುವುದಕ್ಕೂ ಪುರಾವೆ ಸಿಗಲಿಲ್ಲ. ಮುಖ್ಯ ವಿಷಯ ಇನ್ನೊಂದಿದೆ: ನನ್ನ ಪರದೆ ಪಕ್ಕದ ಮನೆಯವರಿಗೂ ಸೊಳ್ಳೆಯ ಮೂಲಕ ಬರುವ ಜ್ವರವನ್ನು ತಗ್ಗಿಸುತ್ತದೆ, ಆದರೆ ಪಕ್ಕದ ಮನೆಯವರು ನನ್ನ ಪರದೆಗೆ ದುಡ್ಡು ಕೊಡುವುದಿಲ್ಲ. ನನ್ನ ಲಾಭದಷ್ಟಕ್ಕೆ ಮಾತ್ರ ನಾನು ಬೆಲೆ ಕಟ್ಟುತ್ತೇನೆ, ಊರಿನ ಲಾಭ ಲೆಕ್ಕದಿಂದ ಹೊರಗೆ ಉಳಿಯುತ್ತದೆ.

ಜಂತುಹುಳುವಿನ ಮಾತ್ರೆಯ ಕಥೆಯೂ ಕೀನ್ಯಾದ್ದೇ. ಬುಸಿಯಾದ 75 ಶಾಲೆಗಳಲ್ಲಿ ಎಡ್ವರ್ಡ್ ಮಿಗೆಲ್ ಮತ್ತು ಮೈಕೆಲ್ ಕ್ರೆಮರ್ ನಡೆಸಿದ ಅಧ್ಯಯನದಲ್ಲಿ (ಪ್ರಕಟಣೆ 2004) ಗೈರುಹಾಜರಿ ಕಾಲು ಭಾಗ ತಗ್ಗಿತು, ಮಾತ್ರೆ ನುಂಗದ ಅಕ್ಕಪಕ್ಕದ ಮಕ್ಕಳಿಗೂ ಅನುಕೂಲವಾಯಿತು. ಈ ಲೆಕ್ಕವನ್ನು 2015ರಲ್ಲಿ ಬೇರೆಯವರು ಮತ್ತೆ ಮಾಡಿ, ಅಕ್ಕಪಕ್ಕದ ಲಾಭದ ಅಂದಾಜಿನಲ್ಲಿ ತಪ್ಪು ಹಿಡಿದರು. ಜಗಳ ಪೂರ್ತಿ ಮುಗಿದಿಲ್ಲ. ಆದರೆ 20 ವರ್ಷ ಅದೇ ಮಕ್ಕಳನ್ನು ಹಿಂಬಾಲಿಸಿದಾಗ, 2-3 ವರ್ಷ ಹೆಚ್ಚು ಮಾತ್ರೆ ಪಡೆದವರ ಗಂಟೆ ಲೆಕ್ಕದ ಗಳಿಕೆ ಶೇ 13ರಷ್ಟು ಮೇಲಿತ್ತು. ಮಾತ್ರೆ ಅಗ್ಗ, ಆದ್ದರಿಂದ ಲಾಭ ಇದರ ಹತ್ತರಲ್ಲೊಂದು ಇದ್ದರೂ ಲೆಕ್ಕ ಗೆಲ್ಲುತ್ತದೆ. ವಿವಾದ ಇರುವಲ್ಲಿ ಹೀಗೆ ‘ಎಷ್ಟು ಕೆಳಗಿಳಿದರೆ ಸೋಲುತ್ತದೆ’ ಎಂದು ಕೇಳಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಪ್ರಶ್ನೆ: ಲಸಿಕೆ 100ಕ್ಕೆ 85 ಮಕ್ಕಳಿಗೆ ಆಗಿದೆ. ಉಳಿದ 10-15 ಮಕ್ಕಳನ್ನು ಹುಡುಕಿಕೊಂಡು ಹೋಗಲು ತಲಾ ಖರ್ಚು ಹಲವು ಪಟ್ಟು. ಅಲ್ಲಿಗೇ ನಿಲ್ಲಿಸುವುದು ಆರ್ಥಿಕವಾಗಿ ಜಾಣತನವಲ್ಲವೇ?

ದಡಾರದ ವಿಷಯದಲ್ಲಿ ಅಲ್ಲ. ರೋಗಕ್ಕೆ ಯಾರೂ ಪ್ರತಿರೋಧ ಹೊಂದಿರದ ಸಮುದಾಯದಲ್ಲಿ ಒಬ್ಬ ದಡಾರ ರೋಗಿ 12ರಿಂದ 18 ಮಂದಿಗೆ ಅಂಟಿಸುತ್ತಾನೆ. 1ರಿಂದ 1/12 ಕಳೆದರೆ ಶೇ 92, 1/18 ಕಳೆದರೆ ಶೇ 94. ಅಷ್ಟು ಮಂದಿಗೆ ಪ್ರತಿರೋಧ ಬಂದರೆ ಸರಪಳಿ ಕಡಿಯುತ್ತದೆ, ಕಡಿಮೆಯಾದರೆ ಬೆಂಕಿ ಹೊಗೆಯಾಡುತ್ತಲೇ ಇರುತ್ತದೆ. ಲಸಿಕೆ ಎಲ್ಲರಲ್ಲೂ ಹಿಡಿಯುವುದಿಲ್ಲ ಅನ್ನುವುದನ್ನೂ ಸೇರಿಸಿ. ಎರಡು ಡೋಸ್ ಆದ 100ರಲ್ಲಿ ಸುಮಾರು 97 ಮಂದಿಗೆ ಹಿಡಿಯುತ್ತದೆ. 95 ಮಕ್ಕಳಿಗೆ ಎರಡು ಡೋಸ್ ಹಾಕಿದರೆ 95 × 0.97, ಅಂದರೆ 92. ಶೇ 95ರ ಗುರಿ ಸುಮ್ಮನೆ ಇಟ್ಟದ್ದಲ್ಲ, ಅದು ಹೊಸ್ತಿಲಿಗೆ ಬಂದು ಮುಟ್ಟುವ ಅಂಕಿ.

ಈಗ ಖರ್ಚು ನೋಡಿ. ಮೊದಲ 80 ಮಕ್ಕಳಿಗೆ ತಲಾ 1, ಮುಂದಿನ 10ಕ್ಕೆ ತಲಾ 3, ಕೊನೆಯ 5ಕ್ಕೆ ತಲಾ 8 ಅನ್ನಿ. ಒಟ್ಟು 150, ಸರಾಸರಿ 1.6ಕ್ಕೂ ಕಡಿಮೆ. ಕೊನೆಯ ಮಗು ದುಬಾರಿ ಹೌದು, ಆದರೆ ಉಳಿದ 5 ಮಕ್ಕಳನ್ನೂ ಹೊರಗಿನಿಂದ ಕಾಯುವುದು ಆ ಮಗುವೇ. ದುಬಾರಿಯಾದ ಕಡೆಯೇ ಲಾಭವೂ ದೊಡ್ಡದು, ಹೊಸ್ತಿಲು ಇರುವ ರೋಗಗಳ ಲೆಕ್ಕ ಹೀಗೇ.

ಅದಕ್ಕಿಂತ ಮುಂಚೆ, ಹಾಕಿದ 85 ನಿಜವಾಗಿ ಹಾಕಿದಂತೆಯೇ ಎಂದು ನೋಡಿ. ಹೆಚ್ಚಿನ ಲಸಿಕೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಬಿಸಿ ತಾಗಿದ್ದನ್ನು ಶೀಶೆಯ ಮೇಲಿನ ಗುರುತು ಹೇಳುತ್ತದೆ: ಒಂದು ವೃತ್ತ, ಒಳಗೊಂದು ಚೌಕ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು. ವೃತ್ತದಷ್ಟೇ ಕಪ್ಪಾದರೆ ಅಥವಾ ಇನ್ನೂ ಗಾಢವಾದರೆ ಎಸೆಯಬೇಕು. ಆದರೆ ಆ ಗುರುತಿಗೆ ಹಿಮದ ಸುಳಿವು ಹತ್ತುವುದಿಲ್ಲ. ಧನುರ್ವಾಯು, ಹೆಪಟೈಟಿಸ್ ಬಿ ಲಸಿಕೆಗಳು ಹೆಪ್ಪುಗಟ್ಟಿದರೆ ಕೆಟ್ಟವು, ಕರಗಿದ ಮೇಲೆ ನೋಡಲು ಮಾತ್ರ ಹಾಗೇ ಇರುತ್ತವೆ. ಅನುಮಾನ ಬಂದರೆ ಅದೇ ಬ್ಯಾಚಿನ ಒಂದು ಶೀಶೆಯನ್ನು ಬೇಕೆಂದೇ ಗಟ್ಟಿಯಾಗುವಂತೆ ಹೆಪ್ಪುಗಟ್ಟಿಸಿ, ಕರಗಿಸಿ, ಅನುಮಾನದ ಶೀಶೆಯ ಜತೆ ಒಟ್ಟಿಗೆ ಕುಲುಕಿ, ಪಕ್ಕಪಕ್ಕ ಇಟ್ಟು ಅರ್ಧ ಗಂಟೆ ನೋಡುತ್ತಾರೆ. ಎರಡರಲ್ಲೂ ಗಸಿ ಒಂದೇ ವೇಗದಲ್ಲಿ ತಳಕ್ಕೆ ಇಳಿದರೆ ಅನುಮಾನ ನಿಜ. ಬಹಳ ಸಲ ತಪ್ಪಿನ ಮೂಲ ಚಿಕ್ಕದು: ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ಬೆವರುವವರೆಗೆ ಹೊರಗಿಡದೆ ನೇರ ಪೆಟ್ಟಿಗೆಗೆ ತುಂಬುವುದು. ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಬರಬೇಕು.

ಇದನ್ನೆಲ್ಲ ಹಣದ ಅಂಕಣದಲ್ಲಿ ಏಕೆ ಹೇಳುತ್ತಿದ್ದೇವೆಂದರೆ, ಬಜೆಟ್ಟಿನಲ್ಲಿ ಫ್ರಿಜ್ ಕೊಳ್ಳಲು ಹಣ ಸಿಗುತ್ತದೆ, ಥರ್ಮಾಮೀಟರಿಗೆ, ದಿನಕ್ಕೆ ಎರಡು ಸಲ ಬರೆದಿಡುವ ಕೈಗೆ, ರಿಪೇರಿಗೆ ಸಿಗುವುದಿಲ್ಲ. ಕಟ್ಟಡ ಉದ್ಘಾಟನೆಗೆ ಫೋಟೊ ಇದೆ, ಗ್ಯಾಸ್ಕೆಟ್ ಬದಲಿಸಿದ್ದಕ್ಕೆ ಇಲ್ಲ.

ಪ್ರಶ್ನೆ: ‘ಬಂದ ಮೇಲೆ ಗುಣಪಡಿಸುವುದಕ್ಕಿಂತ ಬರದಂತೆ ತಡೆಯುವುದೇ ಅಗ್ಗ’. ಇದು ಯಾವಾಗಲೂ ನಿಜವೇ?

ಇಲ್ಲ. ಜೋಶುವಾ ಕೋಹೆನ್ (ಮೇಲಿನ ಜೆಸ್ಸಿಕಾ ಅಲ್ಲ), ನ್ಯೂಮನ್, ವೈನ್‌ಸ್ಟೈನ್ 2008ರಲ್ಲಿ ಪ್ರಕಟಿತ ಅಧ್ಯಯನಗಳನ್ನು ಗುಡ್ಡೆ ಹಾಕಿ ನೋಡಿದಾಗ, ಹಾಕಿದ ಹಣಕ್ಕಿಂತ ಹೆಚ್ಚು ಹಣ ಉಳಿಸುವ ತಡೆ ಕ್ರಮಗಳು ಐದರಲ್ಲಿ ಒಂದಕ್ಕೂ ಕಡಿಮೆ ಇದ್ದವು. ಉಳಿದವು ದುಡ್ಡು ಉಳಿಸುವುದಿಲ್ಲ, ದುಡ್ಡಿಗೆ ಆರೋಗ್ಯವನ್ನು ಕೊಳ್ಳುತ್ತವೆ. ಕೆಲವು ಒಳ್ಳೆಯ ಬೆಲೆಗೆ, ಕೆಲವು ಕೆಟ್ಟ ಬೆಲೆಗೆ.

ಕಾರಣ ತಪಾಸಣೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 10,000 ಮಂದಿಯಲ್ಲಿ 50 ಮಂದಿಗೆ ಒಂದು ರೋಗ ಇದೆ. ಪರೀಕ್ಷೆ ರೋಗಿಗಳಲ್ಲಿ ಶೇ 90 ಮಂದಿಯನ್ನು ಹಿಡಿಯುತ್ತದೆ: 45. ಆರೋಗ್ಯವಂತರಲ್ಲಿ ಶೇ 5 ಮಂದಿಗೆ ತಪ್ಪಾಗಿ ‘ಇದೆ’ ಅನ್ನುತ್ತದೆ: 9,950ರಲ್ಲಿ ಸುಮಾರು 498. ‘ಇದೆ’ ಎಂದು ಚೀಟಿ ಪಡೆದ 543 ಮಂದಿಯಲ್ಲಿ ನಿಜವಾದ ರೋಗಿ 12ಕ್ಕೆ ಒಬ್ಬ. ಎಲ್ಲರಿಗೂ ಎರಡನೆಯ ಪರೀಕ್ಷೆ, ಕೆಲಸಕ್ಕೆ ರಜೆ, ನಿದ್ದೆಗೇಡು. ಇದೇ ಪರೀಕ್ಷೆಯನ್ನು ರೋಗ ಹತ್ತು ಪಟ್ಟು ಹೆಚ್ಚಿರುವ ಗುಂಪಿನಲ್ಲಿ ಮಾಡಿದರೆ 450 ನಿಜ, 475 ಸುಳ್ಳು. ಚೀಟಿ ಪಡೆದವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ರೋಗಿಗಳೇ. ಪರೀಕ್ಷೆ ಒಂದೇ, ಯಾರಿಗೆ ಮಾಡುತ್ತೇವೆ ಅನ್ನುವುದರ ಮೇಲೆ ಬೆಲೆ ನಿಂತಿದೆ. ಎಲ್ಲರಿಗೂ ಎಲ್ಲ ಪರೀಕ್ಷೆಯ ಶಿಬಿರಗಳು ಗುಡ್ಡ ಅಗೆದು ಇಲಿ ಹಿಡಿದಂತೆ ಆಗುವುದು ಇಲ್ಲೇ.

ಪ್ರಶ್ನೆ: ಸರ್ಕಾರಗಳು ಒಂದು ಜೀವಕ್ಕೆ ಬೆಲೆ ಕಟ್ಟುತ್ತವಂತೆ. ಹೇಗೆ? ಯಾರ ಜೀವಕ್ಕೆ?

ಯಾರ ಜೀವಕ್ಕೂ ಅಲ್ಲ. ಅಪಾಯದ ಸಣ್ಣ ಸಣ್ಣ ತುಣುಕುಗಳಿಗೆ. ಒಂದು ಸುಧಾರಣೆಯಿಂದ ಸಾಯುವ ಸಾಧ್ಯತೆ 10,000ಕ್ಕೆ 1ರಷ್ಟು ತಗ್ಗುತ್ತದೆ, ಅದಕ್ಕೆ ಒಬ್ಬೊಬ್ಬರು 700 ಕೊಡಲು ಸಿದ್ಧ ಅನ್ನಿ. 10,000 ಮಂದಿ ಸೇರಿ 70 ಲಕ್ಷ ಕೊಟ್ಟರು, ಒಂದು ಸಾವು ತಪ್ಪಿತು. ಆ 70 ಲಕ್ಷಕ್ಕೆ ‘ಸಂಖ್ಯಾಶಾಸ್ತ್ರೀಯ ಜೀವದ ಮೌಲ್ಯ’ ಎಂಬ ಒರಟು ಹೆಸರು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2006ರ ಡಾಲರಿನಲ್ಲಿ 74 ಲಕ್ಷ ಎಂದು ಹಿಡಿಯುತ್ತಿತ್ತು. ಬೆಲೆ ಕಟ್ಟದಿದ್ದರೆ ಬೆಲೆ ಇಲ್ಲವೆಂದಲ್ಲ, ಲೆಕ್ಕದಲ್ಲಿ ಸೊನ್ನೆ ಎಂದು ಕೂತುಬಿಡುತ್ತದೆ. ಎಚ್ಚರಿಕೆ ಒಂದೇ: ಬಡವರು ಕಡಿಮೆ ಕೊಡಬಲ್ಲರು, ಹಾಗಾಗಿ ಬಡವರ ಬಡಾವಣೆಗೆ ಬೇರೆ ಅಂಕಿ ಬಳಸಿದರೆ ಸೇತುವೆ ಶ್ರೀಮಂತರ ಕಡೆಗೇ ಹೋಗುತ್ತದೆ. ದೇಶಕ್ಕೆಲ್ಲ ಒಂದೇ ಅಂಕಿ ಇಡುವುದು ಇದಕ್ಕಾಗಿ.

ಬಡ್ಡಿಯ ದರವೂ ಇಲ್ಲಿ ಸದ್ದಿಲ್ಲದೆ ತೀರ್ಪು ಕೊಡುತ್ತದೆ. 30 ವರ್ಷದ ನಂತರದ 100ರ ಲಾಭ ಶೇ 3ರಲ್ಲಿ ಇವತ್ತಿಗೆ 41, ಶೇ 8ರಲ್ಲಿ 10. ಮಕ್ಕಳ ಪೌಷ್ಟಿಕತೆಯಂಥ ನಿಧಾನದ ಯೋಜನೆ ಮೊದಲ ದರದಲ್ಲಿ ಗೆಲ್ಲುತ್ತದೆ, ಎರಡನೆಯದರಲ್ಲಿ ಸೋಲುತ್ತದೆ. ಬ್ರಿಟನ್ನಿನ ಖಜಾನೆ ಸಾಮಾನ್ಯ ಯೋಜನೆಗೆ ಶೇ 3.5, ಆರೋಗ್ಯದ ಪರಿಣಾಮಕ್ಕೆ ಶೇ 1.5 ಎಂದು ಬೇರೆ ಬೇರೆ ದರ ಇಟ್ಟಿದೆ. ಯಾರಾದರೂ ನಿಮ್ಮ ಮುಂದೆ ವರದಿ ಇಟ್ಟರೆ ಮೊದಲು ದರ ಎಲ್ಲಿ ಬರೆದಿದ್ದಾರೆ ಎಂದು ಹುಡುಕಿ.

ಪ್ರಶ್ನೆ: ಊರಿನ ಸುರಕ್ಷತೆಗೆ ಒಂದಿಷ್ಟು ಹಣವಿದೆ. ಶಿಕ್ಷೆ ಬಿಗಿ ಮಾಡುವುದೇ, ದೀಪ ಹಾಕುವುದೇ, ರಸ್ತೆ ಸರಿ ಮಾಡುವುದೇ?

ಮೂರಕ್ಕೂ ಪುರಾವೆ ಒಂದೇ ತೂಕದ್ದಲ್ಲ. ಶಿಕ್ಷೆಯಿಂದ ಶುರು ಮಾಡೋಣ. ಸಿಕ್ಕಿಬೀಳುವ ಸಾಧ್ಯತೆ ಶೇ 2, ಶಿಕ್ಷೆ 10 ವರ್ಷ. ಇನ್ನೊಂದರಲ್ಲಿ ಸಾಧ್ಯತೆ ಶೇ 20, ಶಿಕ್ಷೆ 1 ವರ್ಷ. ಗುಣಿಸಿದರೆ ಎರಡೂ 0.2 ವರ್ಷ. ಆದರೆ ಕೈ ಹಾಕುವ ಹೊತ್ತಿನಲ್ಲಿ 9ನೇ ವರ್ಷದ ಜೈಲಿನ ಚಿಂತೆ ಯಾರಿಗೂ ಇರುವುದಿಲ್ಲ. ಸಿಕ್ಕಿಬೀಳುವ ಭಯ ಇರುತ್ತದೆ. ಶಿಕ್ಷೆಯ ಕ್ರೌರ್ಯಕ್ಕಿಂತ ಖಚಿತತೆ ಮುಖ್ಯ ಎಂದು ಬೆಕ್ಕಾರಿಯಾ 1764ರಲ್ಲೇ ಬರೆದಿದ್ದರು. ಉದ್ದದ ಶಿಕ್ಷೆಯ ಖರ್ಚು ಮುಂದಿನ ಹತ್ತು ಬಜೆಟ್ಟುಗಳ ಮೇಲೆ ಬೀಳುವುದರಿಂದ ಅದು ಇವತ್ತು ಪುಕ್ಕಟೆಯಂತೆ ಕಾಣುತ್ತದೆ, ಅಷ್ಟೇ.

ದೀಪ ಚೆನ್ನಾಗಿ ಕೆಲಸ ಮಾಡುತ್ತದೆ, ಕತ್ತಲಿದ್ದ ಕಡೆ ಹಾಕಿದರೆ. ನ್ಯೂಯಾರ್ಕ್ 2016ರಲ್ಲಿ ಸಾರ್ವಜನಿಕ ವಸತಿ ಸಮುಚ್ಚಯಗಳಿಗೆ ಪ್ರಬಲ ದೀಪಗಂಬಗಳನ್ನು ಚೀಟಿ ಎತ್ತಿದಂತೆ ಹಂಚಿ ಅಳೆಯಿತು. ರಾತ್ರಿ ಹೊರಗೆ ನಡೆಯುವ ಗಂಭೀರ ಅಪರಾಧ ಶೇ 36 ತಗ್ಗಿತು. ಶಿಕಾಗೊದಲ್ಲಿ 2012ರ ಬೇಸಿಗೆಯಲ್ಲಿ ಹೈಸ್ಕೂಲ್ ಹುಡುಗ ಹುಡುಗಿಯರಿಗೆ 8 ವಾರ, ವಾರಕ್ಕೆ 25 ಗಂಟೆ ಸಂಬಳದ ಕೆಲಸ ಕೊಟ್ಟರು. ಮುಂದಿನ 16 ತಿಂಗಳಲ್ಲಿ ಹಿಂಸೆಯ ಪ್ರಕರಣಗಳಲ್ಲಿ ಬಂಧನ ಶೇ 43 ಕಡಿಮೆ. ಸೋಜಿಗವೆಂದರೆ ಇಳಿಕೆಯ ಬಹುಪಾಲು ಕಂಡದ್ದು ಕೆಲಸ ಮುಗಿದ ಮೇಲೆ, ಅಂದರೆ ‘ಕೈಗೆ ಬಿಡುವಿಲ್ಲದ್ದರಿಂದ’ ಅನ್ನುವ ವಿವರಣೆ ಸಾಲದು. ಕಳ್ಳತನ ತಗ್ಗಲಿಲ್ಲ ಅನ್ನುವುದನ್ನೂ ಸೇರಿಸಿಯೇ ಹೇಳಬೇಕು.

ಇನ್ನು ರಸ್ತೆ. ಗಂಟೆಗೆ 50 ಕಿ.ಮೀ. ಮತ್ತು 60 ಕಿ.ಮೀ. ವೇಗದ ಎರಡು ಕಾರು ಪಕ್ಕಪಕ್ಕ ಬರುತ್ತಿವೆ. ಅಡ್ಡ ಬಂದ ಮಗುವನ್ನು ಇಬ್ಬರೂ ಚಾಲಕರು ಒಂದೇ ಕ್ಷಣದಲ್ಲಿ ಕಂಡರು. ಕಾಲು ಬ್ರೇಕಿಗೆ ಬರಲು 1 ಸೆಕೆಂಡು; ಅಷ್ಟರಲ್ಲಿ ಮೊದಲನೆಯದು 13.9 ಮೀಟರ್, ಎರಡನೆಯದು 16.7 ಮೀಟರ್ ಬಂದಾಯಿತು. ಒಣ ರಸ್ತೆಯಲ್ಲಿ ಬಲವಾಗಿ ಬ್ರೇಕ್ ಹಿಡಿದರೆ ಮೊದಲನೆಯದು ಒಟ್ಟು ಸುಮಾರು 27.7 ಮೀಟರಿಗೆ ನಿಂತಿತು. ಅದೇ ಗೆರೆಯ ಮೇಲೆ ಎರಡನೆಯ ಕಾರು ಇನ್ನೂ ಗಂಟೆಗೆ 40 ಕಿ.ಮೀ. ವೇಗದಲ್ಲಿದೆ. 10 ಕಿ.ಮೀ. ಹೆಚ್ಚಿಗೆಯ ಬೆಲೆ 40 ಕಿ.ಮೀ. ವೇಗದ ಡಿಕ್ಕಿ. ಸರಾಸರಿ ವೇಗ ಶೇ 1 ಇಳಿದರೆ ಸಾವಿನ ಅಪಘಾತ ಸುಮಾರು ಶೇ 4 ಇಳಿಯುತ್ತದೆ ಎಂಬ ರಸ್ತೆ ಎಂಜಿನಿಯರುಗಳ ಸೂತ್ರದ ಹಿಂದೆ ಇರುವುದು ಈ ಭೌತಶಾಸ್ತ್ರವೇ.

ಸ್ವೀಡನ್ನಿನ ಸಂಸತ್ತು 1997ರಲ್ಲಿ ‘ಸೊನ್ನೆ ಸಾವು’ ಗುರಿ ಒಪ್ಪಿಕೊಂಡಾಗ ಯೋಚನೆಯನ್ನೇ ತಿರುಗಿಸಿತು: ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಮರಣದಂಡನೆ ಆಗದಂತೆ ರಸ್ತೆ ಇರಬೇಕು. 13 ಮೀಟರ್ ಅಗಲದ ಹಳೆಯ ಹೆದ್ದಾರಿಗಳನ್ನು ಅಗಲಿಸದೆ, ಮೂರು ಪಥ ಮಾಡಿ, ನಡುವೆ ಉಕ್ಕಿನ ಹಗ್ಗದ ಬೇಲಿ ಎಳೆದರು. ಎದುರುಬದುರು ಡಿಕ್ಕಿ ಹೆಚ್ಚುಕಡಿಮೆ ಇಲ್ಲವಾಯಿತು, ಆ ರಸ್ತೆಗಳ ಸಾವು ಸುಮಾರು ಮುಕ್ಕಾಲು ಪಾಲು ಇಳಿಯಿತು. ನಿಮ್ಮಲ್ಲಿರುವುದು ‘ಒಂದಿಷ್ಟು ಹಣ’ ಆದರೆ ನಮ್ಮ ಮತ ರಸ್ತೆಗೆ, ಆಮೇಲೆ ದೀಪಕ್ಕೆ.

ಪ್ರಶ್ನೆ: ಪುಟ್ಟ ಮಕ್ಕಳ ಶಿಕ್ಷಣಕ್ಕೆ 1 ಹಾಕಿದರೆ 7 ಬರುತ್ತದೆ ಎಂದು ಎಲ್ಲೆಡೆ ಓದುತ್ತೇವೆ. ನಂಬಬಹುದೇ?

ಮೂಲ ಅಧ್ಯಯನವನ್ನು ನಂಬಬಹುದು, ಅದನ್ನು ಎಲ್ಲೆಡೆ ಅಂಟಿಸುವುದನ್ನು ನಂಬಬೇಡಿ. ಅಮೆರಿಕದ ಮಿಶಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1962ರಿಂದ 1967ರವರೆಗೆ ನಡೆದ ಪೆರಿ ಪ್ರೀಸ್ಕೂಲ್‌ನಲ್ಲಿದ್ದದ್ದು 123 ಮಕ್ಕಳು. 58 ಮಂದಿಗೆ ಶಾಲೆ, 65 ಮಂದಿಗೆ ಇಲ್ಲ. ದಿನಕ್ಕೆ ಎರಡೂವರೆ ಗಂಟೆ ತರಗತಿ, ಜತೆಗೆ ವಾರಕ್ಕೊಮ್ಮೆ ಶಿಕ್ಷಕಿ ಮನೆಗೇ ಬಂದು ಒಂದೂವರೆ ಗಂಟೆ ತಾಯಿಯೊಡನೆ ಕೂರುತ್ತಿದ್ದರು. 40ರ ವಯಸ್ಸಿನವರೆಗೆ ಹಿಂಬಾಲಿಸಿದ ಲೆಕ್ಕದಲ್ಲಿ ಜೇಮ್ಸ್ ಹೆಕ್‌ಮನ್ ತಂಡ ವರ್ಷಕ್ಕೆ ಶೇ 7ರಿಂದ 10ರ ಪ್ರತಿಫಲ ಕಂಡಿತು (2010). ಇದು ವರ್ಷದ ಬಡ್ಡಿಯಂಥ ದರ, 1ಕ್ಕೆ 7 ಅನ್ನುವ ಒಟ್ಟು ಲೆಕ್ಕ ಬೇರೆ. ಲಾಭದ ದೊಡ್ಡ ಪಾಲು ಬಂದದ್ದು ಅಂಕಪಟ್ಟಿಯಿಂದಲ್ಲ, ಅಪರಾಧ ತಗ್ಗಿದ್ದರಿಂದ. ಗಮನಿಸಿ: ಖರ್ಚು ಮಾಡಿದ್ದು ಶಿಕ್ಷಣ ಇಲಾಖೆ, ಉಳಿತಾಯ ಆದದ್ದು ಪೊಲೀಸ್, ನ್ಯಾಯಾಲಯ, ಜೈಲಿಗೆ, ಅದೂ 20 ವರ್ಷದ ನಂತರ. ಒಂದು ಇಲಾಖೆಯ ಲೆಕ್ಕದ ಪುಸ್ತಕದೊಳಗೆ ಮಾತ್ರ ನೋಡುವ ಅಧಿಕಾರಿಗೆ ಇದು ಶುದ್ಧ ನಷ್ಟ.

ಇನ್ನೊಂದು ಬದಿ ಟೆನೆಸ್ಸಿಯದ್ದು. ಅಮೆರಿಕದ ಆ ರಾಜ್ಯದ ಪ್ರಿ-ಕೆ (ಶಾಲೆಗೆ ಸೇರುವ ಮುಂಚಿನ ತರಗತಿ) ಕಾರ್ಯಕ್ರಮವನ್ನು ಸುಮಾರು 3,000 ಮಕ್ಕಳಲ್ಲಿ ಅಳೆದಾಗ, 6ನೇ ತರಗತಿಯ ಹೊತ್ತಿಗೆ ಹೋದ ಮಕ್ಕಳ ಅಂಕ ಹೋಗದವರಿಗಿಂತ ಕೆಳಗಿತ್ತು (2022). ಹೆಸರು ಒಂದೇ, ಒಳಗಿನ ಸರಕು ಬೇರೆ. ಮನೆ ಭೇಟಿ, ಸಣ್ಣ ಗುಂಪು, ನುರಿತ ಶಿಕ್ಷಕಿ ಎಲ್ಲ ತೆಗೆದು ಬೋರ್ಡು ಮಾತ್ರ ಉಳಿಸಿಕೊಂಡರೆ 7 ಬರುವುದಿಲ್ಲ.

ಪ್ರಶ್ನೆ: ಅಪಘಾತ ಹೆಚ್ಚಿದ್ದ 10 ತಿರುವುಗಳಿಗೆ ಕ್ಯಾಮೆರಾ ಹಾಕಿದೆವು. ತಲಾ 12 ಇದ್ದ ಅಪಘಾತ 6ಕ್ಕೆ ಇಳಿಯಿತು. ಅರ್ಧ ತಗ್ಗಿತು ಎನ್ನಬಹುದಲ್ಲ?

ಹಿಂದಿನ 5 ವರ್ಷದ ಕಡತ ತೆಗೆಯಿರಿ. ಆ ತಿರುವುಗಳ ಸರಾಸರಿ 8 ಇದ್ದು, ನೀವು ಆರಿಸಿದ ವರ್ಷ ಮಾತ್ರ ಕೆಟ್ಟ ಗಳಿಗೆಯಿಂದ 12 ಆಗಿದ್ದರೆ, ಏನೂ ಮಾಡದಿದ್ದರೂ ಮರುವರ್ಷ 8ರ ಸುತ್ತಮುತ್ತ ಬರುತ್ತಿತ್ತು. ಹಾಗಾದರೆ ಕ್ಯಾಮೆರಾದ ಪಾಲು 6 ಅಲ್ಲ, 2. ಖರ್ಚನ್ನು ಆ 2ಕ್ಕೆ ಭಾಗಿಸಿ. ಮುಂದಿನ ಸಲ 20 ತಿರುವು ಪಟ್ಟಿ ಮಾಡಿ, ಚೀಟಿ ಎತ್ತಿ 10ಕ್ಕೆ ಈ ವರ್ಷ, ಉಳಿದ 10ಕ್ಕೆ ಮುಂದಿನ ವರ್ಷ ಹಾಕಿ. ಖರ್ಚು ಅಷ್ಟೇ, ವರ್ಷದ ಕೊನೆಗೆ ಹೋಲಿಸಲು 10 ತಿರುವು ಕೈಯಲ್ಲಿರುತ್ತವೆ. ಎಣಿಕೆ ಎರಡೂ ಕಡೆ ಒಬ್ಬರೇ ಮಾಡಲಿ, ಮತ್ತು ಕ್ಯಾಮೆರಾ ಇರುವ ತಿರುವಿನ ಆಚೆ ಅರ್ಧ ಕಿ.ಮೀ.ವರೆಗೂ ಎಣಿಸಿ, ಕ್ಯಾಮೆರಾ ದಾಟಿದ ಕೂಡಲೇ ವೇಗ ಏರಿಸುವವರು ಇದ್ದೇ ಇರುತ್ತಾರೆ.